ತಾಂಬೂಲದೊಳಗಣ ಹೊಗೆಸೊಪ್ಪು

ತಂಬಾಕಿನ ಹಾನಿಯೆಂದೊಡನೆ ಬೀಡಿ, ಸಿಗರೇಟುಗಳ ಹೊಗೆಯೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಅದು ಹೊಗೆಯಿಲ್ಲದೆಯೂ ಎಲೆಯಡಕೆಯ ಚೀಲದೊಳಗೆ ಹೊಗೆಸೊಪ್ಪಾಗಿ, ಕಡ್ಡಿಪುಡಿಯಾಗಿ ಮನೆಯನ್ನು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಅಂಗೀಕರಿಸಿ, ಭಾರತವು 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣ ಒಪ್ಪಂದವು ಸೇದುವ ತಂಬಾಕಿನೊಡನೆ ಅಗಿಯುವ ತಂಬಾಕನ್ನೂ ಒಳಗೊಂಡಿದೆ. ಬಸ್ ನಿಲ್ದಾಣದಲ್ಲಿ ಸೇದುವವನನ್ನು ಕಾನೂನು ತಡೆದೀತು. ಜಗಲಿಯಲ್ಲಿ ಕುಳಿತು ದವಡೆಗೆ ಹೊಗೆಸೊಪ್ಪಿಟ್ಟುಕೊಳ್ಳುವ ಅಜ್ಜಿಯನ್ನು ತಡೆಯುವವರು ಯಾರು? ಬಾಯಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾದವರು ಮನೆಯವರೇ. ಅಡಕೆಯೂ ನಿರಪಾಯವಾದುದಲ್ಲ, ಹೊಗೆಸೊಪ್ಪು ಕೂಡಿದರೆ ಅಪಾಯ ಇನ್ನೂ ಹೆಚ್ಚು. ಪೋರ್ಚುಗೀಸರ ಕಾಲದಲ್ಲಿ ಬಂದ ಈ ಸೊಪ್ಪಿಗಿಂತ ನಮ್ಮ ತಾಂಬೂಲದ ಮರ್ಯಾದೆ ಎಷ್ಟೋ ಹಳೆಯದು. ಸೊಪ್ಪನ್ನು ತಟ್ಟೆಯಿಂದ ತೆಗೆದಿಟ್ಟರೆ ಆ ಮರ್ಯಾದೆಗೆ ಕುಂದೇನೂ ಇಲ್ಲ.