ಕಾರ್ಯಸೂಚಿ ಯಾರ ಕೈಯಲ್ಲಿ?

(ಚಾಮರಾಜಪೇಟೆಯಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣ)



ಚುನಾವಣೆ ಮುಗಿದೊಡನೆ ನಾವು ಶಾಸಕರ ತಲೆ ಎಣಿಸತೊಡಗುತ್ತೇವೆ. ಎಣಿಸಬೇಕಾದುದೇ. ಆದರೆ ಯಾವ ವಿಧೇಯಕ ಎಂದು ಸದನದ ಮುಂದೆ ಬರಬೇಕು, ಯಾವುದು ಬರಲೇಬಾರದು ಎಂದು ತೀರ್ಮಾನಿಸುವವರು ಯಾರೆಂದು ನಾವು ವಿಚಾರಿಸುವುದಿಲ್ಲ. ನಮ್ಮ ಮಾಂಸದಂಗಡಿಗಳವರಿಗೆ ಈ ಪ್ರಶ್ನೆಯ ಬೆಲೆ 2020ರ ಡಿಸೆಂಬರ್‌ನಲ್ಲಿ ತಿಳಿಯಿತು.

ಆ ತಿಂಗಳ 9ರಂದು ಗೋಹತ್ಯೆ ನಿಷೇಧ ವಿಧೇಯಕವು ವಿಧಾನಸಭೆಯಲ್ಲಿ ಮಂಡನೆಯಾಗಿ, ಚರ್ಚೆಯಿಲ್ಲದೆ ಅಂದೇ ಅಂಗೀಕಾರವಾಯಿತು. ಕಾರ್ಯಕಲಾಪ ಸಲಹಾ ಸಮಿತಿಯಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲವೆಂದು ಕಾಂಗ್ರೆಸ್ ಆಕ್ಷೇಪಿಸಿತು. 1964ರ ಕಾನೂನಿನಡಿ 12 ವರ್ಷ ದಾಟಿದ ಎತ್ತುಗಳ ವಧೆಗೂ ಅನುಮತಿ ಪಡೆಯಬಹುದಿತ್ತು. ಹೊಸದರಲ್ಲಿ ಉಳಿದದ್ದು 13 ದಾಟಿದ ಎಮ್ಮೆ-ಕೋಣ ಮಾತ್ರ.

ವಿಧಾನ ಪರಿಷತ್ತಿನಲ್ಲಿ ಆಡಳಿತ ಪಕ್ಷವಾದ ಬಿಜೆಪಿಗೆ ಬಹುಮತವಿರಲಿಲ್ಲ. ಸಭಾಪತಿ ಪ್ರತಾಪಚಂದ್ರ ಶೆಟ್ಟಿಯವರು ಕಾಂಗ್ರೆಸ್ಸಿನವರು. 10ರಂದು ಅವರು ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದರು. ವಿಧೇಯಕ ಅಲ್ಲಿ ಮಂಡನೆಯಾಗಲೇ ಇಲ್ಲ. 15ರಂದು ನಡೆದುದನ್ನು ನಾಡೇ ನೋಡಿತು. ಉಪಸಭಾಪತಿ ಧರ್ಮೇಗೌಡರನ್ನು ಪೀಠದಿಂದ ಎಳೆದು ಇಳಿಸಲಾಯಿತು. ಅಸಹ್ಯ ದೃಶ್ಯವೇ ಸರಿ. ಆದರೆ ಒಂದು ಕುರ್ಚಿಗಾಗಿ ಅಷ್ಟೊಂದು ಬಡಿದಾಟವೇಕೆ? ಕಾರ್ಯಸೂಚಿಯ ಕೀಲಿಕೈ ಅಲ್ಲಿತ್ತು.

ಸರಕಾರ ಎರಡು ದಾರಿ ಹಿಡಿಯಿತು. 2021ರ ಜನವರಿ 5ರಂದು ಸುಗ್ರೀವಾಜ್ಞೆ ಹೊರಡಿಸಿತು. ಇತ್ತ ಜೆಡಿಎಸ್‌ನೊಡನೆ ಪರಿಷತ್ತಿನ ಪೀಠಗಳ ಹೊಂದಾಣಿಕೆಯಾಯಿತು. ಫೆಬ್ರವರಿ 4ರಂದು ಶೆಟ್ಟಿಯವರು ರಾಜೀನಾಮೆಯಿತ್ತರು; 8ರಂದು ವಿಧೇಯಕಕ್ಕೆ ಧ್ವನಿಮತದ ಒಪ್ಪಿಗೆ; 9ರಂದು ಜೆಡಿಎಸ್‌ನ ಬಸವರಾಜ ಹೊರಟ್ಟಿಯವರು ಸಭಾಪತಿಯಾದರು. ವಿಧೇಯಕವನ್ನು ವಿರೋಧಿಸುವುದಾಗಿ ಹೇಳಿದ್ದೂ ಇದೇ ಪಕ್ಷವೇ! ಧ್ವನಿಮತದಲ್ಲಿ ತಲೆ ಎಣಿಸುವ ಪ್ರಮೇಯವಿಲ್ಲ.

ಅಧ್ಯಕ್ಷೀಯ ಪದ್ಧತಿ ಬಂದರೆ ಇಂಥ ಚೌಕಾಸಿ ನಿಲ್ಲುತ್ತದೆಂದು ವಾದಿಸುವವರಿದ್ದಾರೆ. ಅವರು ಬ್ರೆಜಿಲ್ ಕಡೆಗೊಮ್ಮೆ ನೋಡಲಿ. ಅಲ್ಲಿ ಅಧ್ಯಕ್ಷರ ಪಕ್ಷಕ್ಕೆ ಸಂಸತ್ತಿನಲ್ಲಿ ಸ್ವಂತ ಬಹುಮತ ಇರುವುದಿಲ್ಲ. ಮಂತ್ರಿಪದವಿಗಳನ್ನು ಹಂಚಿ ಕೂಟ ಕಟ್ಟಬೇಕು. ಅವರಿಗೂ ನಮ್ಮ ಸುಗ್ರೀವಾಜ್ಞೆಯಂತಹ ಅಸ್ತ್ರವಿದೆ. ಆದರೂ ಕೆಳಮನೆಯ ಪೀಠದ ಮುಂದೆ ಅವರೂ ಅಳುಕಲೇಬೇಕು. ಆಳುವ ಕೂಟದ ಪಕ್ಷವೊಂದಕ್ಕೆ ಸೇರಿದ್ದ ಸಭಾಧ್ಯಕ್ಷ ಎಡ್ವಾರ್ಡೊ ಕುನ್ಹಾ ಅವರೇ 2015ರ ಡಿಸೆಂಬರ್‌ನಲ್ಲಿ ಅಧ್ಯಕ್ಷೆ ದಿಲ್ಮಾ ರೌಸೆಫ್ ವಿರುದ್ಧದ ಮಹಾಭಿಯೋಗದ ಅರ್ಜಿಯನ್ನು ಅಂಗೀಕರಿಸಿದರು. ಮರುವರ್ಷ ಆಗಸ್ಟ್‌ನಲ್ಲಿ ಆಕೆ ಪದಚ್ಯುತರಾದರು.

ನಮ್ಮಲ್ಲಿ 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ನಾವು ಆಗಲೂ ತಲೆ ಎಣಿಸಿ ಸಂಭ್ರಮಿಸಿದೆವು. ಆ ವರ್ಷದ ಅಧಿವೇಶನಗಳಲ್ಲಿ ಗೋಹತ್ಯೆ ಕಾನೂನಿನ ರದ್ದತಿ ವಿಧೇಯಕ ಮಂಡನೆಯಾಗಲಿಲ್ಲ. ಅದನ್ನು ತಡೆದವರು ಪ್ರತಿಪಕ್ಷದವರಲ್ಲ.