ಅಪಾಯಕಾರಿ ವಸ್ತುಗಳು: ತರಬೇತಿ ಮೊದಲು, ಸರ್ಟಿಫಿಕೇಟ್ ಆಮೇಲೆ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಈಗಷ್ಟೇ ಸನ್ಮಾನಿಸಿದ್ದೀರಿ. ಇಂಥ ಸಭೆಯಲ್ಲಿ ಡಾಕ್ಟರ್ ಆಗಿ, ಎಂಜಿನಿಯರ್ ಆಗಿ ಎಂದು ಹರಸುವುದು ವಾಡಿಕೆ. ಆದರೆ ಅಧ್ಯಕ್ಷರು ನನಗೆ ಕೊಟ್ಟಿರುವ ವಿಷಯ ಬೇರೆ. ಅಪಾಯಕಾರಿ ವಸ್ತುಗಳನ್ನು ಸುರಕ್ಷಿತವಾಗಿ ನಿರ್ವಹಿಸುವ ತರಬೇತಿಯ ಬಗ್ಗೆ ನಾನು ಮಾತನಾಡಬೇಕು.

ಅಪಾಯಕಾರಿ ವಸ್ತು ಎಂದರೆ ದೊಡ್ಡ ಕಾರ್ಖಾನೆಯಲ್ಲಿ ಇರುವಂಥದ್ದು ಎಂದು ಭಾವಿಸಬೇಡಿ. ಆಸಿಡ್, ಬ್ಲೀಚ್, ಅಡುಗೆ ಅನಿಲ, ಪೆಟ್ರೋಲ್, ಕೀಟನಾಶಕ, ಹಳೆಯ ಬ್ಯಾಟರಿ ಎಲ್ಲವೂ ಅಪಾಯಕಾರಿ ವಸ್ತುಗಳೇ. ನಮ್ಮ ಸಮುದಾಯದ ಎಷ್ಟೋ ಮಂದಿ ಇವುಗಳ ನಡುವೆಯೇ ದುಡಿಯುತ್ತಾರೆ. ಟ್ಯಾಂಕರ್ ಓಡಿಸುವವರು ಇದ್ದಾರೆ, ಗುಜರಿ ಅಂಗಡಿಯವರು ಇದ್ದಾರೆ, ಗ್ಯಾರೇಜ್, ವೆಲ್ಡಿಂಗ್, ಎಸಿ ರಿಪೇರಿಯವರು ಇದ್ದಾರೆ. ಗಲ್ಫಿನ ಗೋದಾಮುಗಳಲ್ಲಿ ಇರುವವರಂತೂ ಪ್ರತಿ ಮನೆಗೊಬ್ಬರು ಎನ್ನುವಷ್ಟಿದ್ದಾರೆ. ನಾನೂ ಅಂಥವರಲ್ಲಿ ಒಬ್ಬನಾಗಿದ್ದೆ.

ನಾನು ಮೊದಲು ಗಲ್ಫಿಗೆ ಹೋದದ್ದು ಒಂದು ಕಂಪೆನಿಯ ಗೋದಾಮಿನಲ್ಲಿ ಹೆಲ್ಪರ್ ಕೆಲಸಕ್ಕೆ. ಸೇರಿದ ಮೂರನೇ ದಿನ ಸೂಪರ್‌ವೈಸರ್ ಒಂದು ರಿಜಿಸ್ಟರ್ ತಂದು ಎಲ್ಲರ ಸಹಿ ಹಾಕಿಸಿಕೊಂಡರು. ರಾಸಾಯನಿಕಗಳನ್ನು ಬಳಸುವ ತರಬೇತಿ ಪಡೆದಿದ್ದೇನೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಯಾವ ತರಬೇತಿಯೂ ನಡೆದಿರಲಿಲ್ಲ. ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ನನಗೆ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಹೊಸ ಕೆಲಸ, ಕೇಳುವ ಧೈರ್ಯ ಇರಲಿಲ್ಲ.

ನಮ್ಮೂರ ಕಡೆಯ ಒಬ್ಬ ಹಿರಿಯರು ನನ್ನ ಜೊತೆಗಿದ್ದರು. ಅವರನ್ನು ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನು ಹಾಕಿದ್ದನ್ನು ನೋಡಿ ಅವರೂ ಸಹಿ ಹಾಕಿದರು. ಕೆಲವು ತಿಂಗಳ ನಂತರ ಒಂದು ದಿನ, ನೆಲದ ಕಲೆ ಬ್ಲೀಚಿನಿಂದ ಹೋಗಲಿಲ್ಲವೆಂದು ಕಾಕ ಅದರ ಮೇಲೆಯೇ ಆಸಿಡ್ ಸುರಿದರು. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆ. ನಾವು ಅವರನ್ನು ಹೊರಗೆ ಎಳೆದು ತರುವಷ್ಟರಲ್ಲಿ ಉಸಿರು ಕಟ್ಟಿತ್ತು. ಜೀವ ಉಳಿಯಿತು. ಆದರೆ ಶ್ವಾಸಕೋಶ ಮೊದಲಿನಂತೆ ಆಗಲಿಲ್ಲ. ಊರಿಗೆ ಮರಳಿದ ಮೇಲೆ ಮನೆಯ ಮೆಟ್ಟಿಲು ಹತ್ತಲೂ ಅವರು ನಡುವೆ ಕುಳಿತುಕೊಳ್ಳಬೇಕಾಗುತ್ತಿತ್ತು.

ಪರಿಹಾರ ಕೇಳಲು ಹೋದಾಗ ಕಂಪೆನಿಯವರು ಆ ರಿಜಿಸ್ಟರ್ ತೆಗೆದು ತೋರಿಸಿದರು. "ತರಬೇತಿ ಕೊಟ್ಟಿದ್ದೇವೆ, ಇವರೇ ಸಹಿ ಹಾಕಿದ್ದಾರೆ" ಎಂದರು. ಕಾಕನ ಸಹಿಯ ಮೇಲಿನ ಸಾಲಿನಲ್ಲೇ ನನ್ನ ಸಹಿ ಇತ್ತು. ಅದು ಸುಳ್ಳು ಸಾಕ್ಷಿಯಾಗಿತ್ತು. ಆ ಒಂದು ಸಹಿಯ ಭಾರವೇ ಮುಂದೆ ನನ್ನನ್ನು ಈ ವಿಷಯ ಕಲಿಯುವಂತೆ ಮಾಡಿತು.

ಓದಿದವರಿಗೆ ಇದೆಲ್ಲ ಗೊತ್ತಿರುತ್ತದೆ, ಓದದವರಿಗೆ ಮಾತ್ರ ತರಬೇತಿ ಬೇಕು ಎಂದು ನೀವು ಹೇಳಬಹುದು. ಅದೂ ತಪ್ಪು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ನಡೆದದ್ದನ್ನು ನೋಡಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1968ರಲ್ಲಿ ತರಿಸಿದ ಒಂದು ಯಂತ್ರವಿತ್ತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ವಸ್ತು ಇತ್ತು. 1985ರಿಂದ ಅದು ಬಳಕೆಯಲ್ಲಿರಲಿಲ್ಲ. 2010ರ ಫೆಬ್ರವರಿಯಲ್ಲಿ ಅದನ್ನು ಹರಾಜಿನಲ್ಲಿ ಮಾರಿಬಿಟ್ಟರು. ಗುಜರಿ ಕಾರ್ಮಿಕರು ಸೀಸದ ಆಸೆಗೆ ಅದನ್ನು ಬಿಚ್ಚಿದರು. ಒಳಗಿನ ಲೋಹದ ತುಂಡುಗಳು ಕೈಯಿಂದ ಕೈಗೆ ಹೋದವು. ಎಂಟು ಮಂದಿ ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡ. ಯಂತ್ರ ಇದ್ದದ್ದು ದೊಡ್ಡ ಪದವಿ ಪಡೆದವರ ಕಟ್ಟಡದಲ್ಲಿ, ಸತ್ತದ್ದು ಗುಜರಿಯಲ್ಲಿ ದುಡಿಯುವವನು. ಪದವಿ ಬೇರೆ, ತರಬೇತಿ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ಬಗ್ಗೆ ಗಟ್ಟಿಯಾದ ಕಾನೂನು ಬಂದದ್ದು ಭೋಪಾಲದ ದುರಂತದ ನಂತರ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತರು. ಅನಿಲವನ್ನು ತಣ್ಣಗಿಡುವ ವ್ಯವಸ್ಥೆ ನಿಂತಿತ್ತು, ಸೋರಿದ್ದನ್ನು ಸುಡಬೇಕಾದ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಸುತ್ತಲಿನ ಬಡಾವಣೆಯ ಜನರಿಗೆ ಒಳಗೆ ಏನು ಇದೆ ಎಂದೇ ಗೊತ್ತಿರಲಿಲ್ಲ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ಕೆಲಸಗಾರನಿಗೆ ತಾನು ಮುಟ್ಟುವ ವಸ್ತುವಿನ ಅಪಾಯವನ್ನು ತಿಳಿಸಬೇಕು ಎಂಬುದು ಮಾಲೀಕನ ಹೊಣೆಯಾಯಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿಗೆ ಪ್ರತ್ಯೇಕ ನಿಯಮಗಳು ಬಂದವು. ಕಾರ್ಖಾನೆ ಕಾಯ್ದೆಯ ಜಾಗದಲ್ಲಿ ಈಗ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಇದೆ. ಅದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದರಂತೆ ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಯಲ್ಲಿ 250 ಅಥವಾ ಹೆಚ್ಚು ಕೆಲಸಗಾರರಿದ್ದರೆ ಸುರಕ್ಷತಾ ಅಧಿಕಾರಿ ಇರಲೇಬೇಕು. ವಿದ್ಯಾರ್ಥಿಗಳೇ, ಇಲ್ಲಿ ನಿಮಗೆ ಉದ್ಯೋಗವೂ ಇದೆ.

ಇದಕ್ಕೆ ಏನು ಓದಬೇಕು? ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ ಮಾಡಿದವರಿಗೆ ಔದ್ಯೋಗಿಕ ಸುರಕ್ಷತೆಯಲ್ಲಿ ಒಂದು ವರ್ಷದ ಅಡ್ವಾನ್ಸ್ಡ್ ಡಿಪ್ಲೊಮಾ ಇದೆ. ಕೇಂದ್ರ ಸರಕಾರದ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಮುಂಬಯಿಯಲ್ಲಿದೆ, ನಮಗೆ ಹತ್ತಿರದ ಪ್ರಾದೇಶಿಕ ಸಂಸ್ಥೆ ಚೆನ್ನೈಯಲ್ಲಿದೆ. ಗಲ್ಫಿನ ಕಂಪೆನಿಗಳು ಹೆಚ್ಚಾಗಿ ಕೇಳುವುದು ಬ್ರಿಟನ್ನಿನ ನೆಬಾಷ್ ಸರ್ಟಿಫಿಕೇಟ್. ವಿಮಾನದಲ್ಲಿ ಸರಕು ಕಳುಹಿಸುವ ಕೆಲಸಕ್ಕೆ ಅಯಾಟಾದ ಅಪಾಯಕಾರಿ ಸರಕಿನ ತರಬೇತಿ ಬೇಕು, ಅದನ್ನು 24 ತಿಂಗಳಿಗೊಮ್ಮೆ ಮತ್ತೆ ಪಡೆಯಬೇಕು. ಆಸ್ಪತ್ರೆ, ಲ್ಯಾಬುಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ಕಲಿಯಬೇಕು. ಹಳದಿ, ಕೆಂಪು, ಬಿಳಿ, ನೀಲಿ, ಯಾವುದು ಯಾವ ಬಣ್ಣಕ್ಕೆ ಎಂಬುದು ಬಾಯಿಪಾಠವಾಗಿರಬೇಕು.

ಒಂದು ಎಚ್ಚರಿಕೆ. ಎರಡು ದಿನ ಕೂರಿಸಿ ಬಣ್ಣದ ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಹಣ ಕಟ್ಟುವ ಮೊದಲು ಈ ಕೋರ್ಸಿಗೆ ಯಾರ ಮಾನ್ಯತೆ ಇದೆ ಎಂದು ಕೇಳಿ. ಮಾನ್ಯತೆ ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ. ಸರ್ಟಿಫಿಕೇಟ್ ವೀಸಾ ತರಬಹುದು. ಪೈಪು ಒಡೆದಾಗ ಗೋಡೆಯ ಮೇಲಿನ ಸರ್ಟಿಫಿಕೇಟ್ ಕೆಲಸಕ್ಕೆ ಬರುವುದಿಲ್ಲ, ಕಲಿತದ್ದು ಮಾತ್ರ ಬರುತ್ತದೆ.

ಕಲಿತದ್ದು ಎಂದರೆ ಏನು? ನಮ್ಮ ಹೆದ್ದಾರಿಯನ್ನೇ ನೋಡಿ. ಮಂಗಳೂರಿನಿಂದ ಹೊರಡುವ ಗ್ಯಾಸ್ ಟ್ಯಾಂಕರುಗಳು ದಿನವೂ ನಮ್ಮ ಊರುಗಳನ್ನು ದಾಟಿ ಹೋಗುತ್ತವೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ, ಅನಿಲಕ್ಕೆ ಬೆಂಕಿ ಹತ್ತಿ, ಮನೆಗಳೊಂದಿಗೆ ಜನರೂ ಸುಟ್ಟುಹೋದದ್ದು ನಿಮ್ಮ ಹಿರಿಯರಿಗೆ ನೆನಪಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಹೋಗಬೇಕು. ವಾಹನ ಸ್ಟಾರ್ಟ್ ಮಾಡಬಾರದು, ಒಲೆ ಆರಿಸಬೇಕು, ಫೋಟೋ ತೆಗೆಯಲು ಹತ್ತಿರ ಹೋಗಬಾರದು. ಟ್ಯಾಂಕರಿನ ಫಲಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 1075 ಎಂದರೆ ಅಡುಗೆ ಅನಿಲ, 1203 ಎಂದರೆ ಪೆಟ್ರೋಲ್, 1005 ಎಂದರೆ ಅಮೋನಿಯಾ, 1017 ಎಂದರೆ ಕ್ಲೋರಿನ್. ದೂರದಿಂದಲೇ ಆ ಸಂಖ್ಯೆ ಓದಿ ಅಗ್ನಿಶಾಮಕ ದಳಕ್ಕೆ ಹೇಳಿದರೆ ಅವರು ತಕ್ಕ ಸಿದ್ಧತೆಯಿಂದ ಬರುತ್ತಾರೆ. ಇಂಥ ವಾಹನದ ಚಾಲಕರಿಗೆ ಮೋಟಾರು ವಾಹನ ನಿಯಮಗಳ ಪ್ರಕಾರ ಮೂರು ದಿನದ ತರಬೇತಿ ಕಡ್ಡಾಯ. ಚಾಲಕ ಸಹೋದರರೇ, ಆ ಮೂರು ದಿನವನ್ನು ಏಜೆಂಟರಿಗೆ ಮಾರಬೇಡಿ.

ರಾಸಾಯನಿಕದ ಪ್ರತಿ ಪೀಪಾಯಿಗೂ ಒಂದು ಸುರಕ್ಷತಾ ಮಾಹಿತಿ ಹಾಳೆ ಇರುತ್ತದೆ. ಅದರಲ್ಲಿ 16 ಭಾಗಗಳು. ಎಲ್ಲವೂ ಅರ್ಥವಾಗದಿದ್ದರೂ ನಾಲ್ಕನೆಯ ಭಾಗ ಪ್ರಥಮ ಚಿಕಿತ್ಸೆ, ಏಳನೆಯದು ಬಳಸುವ ಮತ್ತು ಇಡುವ ಕ್ರಮ, ಎಂಟನೆಯದು ಕೈಗವಸು, ಕನ್ನಡಕದಂಥ ರಕ್ಷಣೆ ಎಂಬಷ್ಟನ್ನು ನೆನಪಿಡಿ. ಯಾವುದರ ಜೊತೆ ಬೆರೆಸಬಾರದು ಎಂಬುದು ಹತ್ತನೆಯ ಭಾಗದಲ್ಲಿದೆ. ಆ ಒಂದು ಸಾಲನ್ನು ಯಾರಾದರೂ ಕಾಕನಿಗೆ ಅವರ ಭಾಷೆಯಲ್ಲಿ ಓದಿ ಹೇಳಿದ್ದರೆ ಸಾಕಾಗಿತ್ತು. ಪಕ್ಕದಲ್ಲಿದ್ದ ನಾನೇ ಹೇಳಬಹುದಿತ್ತು.

ಕೊನೆಯದಾಗಿ ಸಂಸ್ಥೆಯ ಮುಂದೆ ಎರಡು ಕೋರಿಕೆಗಳು. ನಾವು ಕೊಡುವ ವಿದ್ಯಾರ್ಥಿವೇತನದಲ್ಲಿ ಒಂದೆರಡನ್ನಾದರೂ ಸುರಕ್ಷತೆಯ ಡಿಪ್ಲೊಮಾ ಓದುವವರಿಗೆ ಮೀಸಲಿಡಿ. ವರ್ಷಕ್ಕೊಮ್ಮೆ, ರಾಷ್ಟ್ರೀಯ ಸುರಕ್ಷತಾ ದಿನವಾದ ಮಾರ್ಚ್ 4ರ ಸುಮಾರಿಗೆ, ಗುಜರಿ, ಗ್ಯಾರೇಜ್ ಮತ್ತು ಟ್ಯಾಂಕರ್ ಕೆಲಸದವರಿಗೆ ಅವರ ಮಾತಿನಲ್ಲೇ ಒಂದು ದಿನದ ಶಿಬಿರ ಮಾಡಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು ನಾವಾಗಬಾರದು.

ವಿದ್ಯಾರ್ಥಿಗಳಿಗೆ ಒಂದೇ ಮಾತು. ನಾಳೆ ನೀವು ಎಲ್ಲಿಗೇ ಹೋಗಿ, ನಿಮ್ಮ ಮುಂದೆಯೂ ಒಂದು ರಿಜಿಸ್ಟರ್ ಬರುತ್ತದೆ. ತರಬೇತಿ ಆಗದಿದ್ದರೆ ಸಹಿ ಹಾಕಬೇಡಿ. "ಮೊದಲು ಕಲಿಸಿ, ಆಮೇಲೆ ಹಾಕುತ್ತೇನೆ" ಎಂದು ವಿನಯದಿಂದ ಹೇಳಿ. ನಿಮ್ಮ ಸಹಿಯನ್ನು ನೋಡಿ ಸಹಿ ಹಾಕುವ ಒಬ್ಬ ಕಾಕ ನಿಮ್ಮ ಹಿಂದೆ ನಿಂತಿರುತ್ತಾರೆ ಎಂಬುದನ್ನು ಮರೆಯಬೇಡಿ.