ಒಂದು ಖೋಲಿಗೆ ಎಷ್ಟು ಮಂದಿ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಸದಸ್ಯರೇ ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. "ಯಾತ್ರೆಗೋ ಮದುವೆಗೋ ಹೋದಾಗ ಲಾಡ್ಜಿನವರು ಒಂದು ಖೋಲಿಗೆ ಇಬ್ಬರೇ, ಮೂವರೇ ಎಂದು ಹಟ ಹಿಡಿಯುತ್ತಾರೆ. ನಾವು ಚಾಳಿನ ಒಂದೇ ಖೋಲಿಯಲ್ಲಿ ಏಳೆಂಟು ಮಂದಿ ಮಲಗುವವರು. ಇದು ಹಣ ಕೀಳುವ ಉಪಾಯವಲ್ಲವೇ?" ಎಂದು. ನಾನು ಎಂಟನೆಯ ತರಗತಿ ಓದಿದವನು, ಕಾನೂನು ಪಂಡಿತನಲ್ಲ. ಆದರೆ ಲಾಡ್ಜಿನಲ್ಲಿ ಹಾಸಿಗೆ ಹಾಸಿ, ಬಕೆಟ್ಟು ಹೊತ್ತು ವರುಷಗಳನ್ನು ಕಳೆದವನು. ನನ್ನ ಉತ್ತರ ಇಷ್ಟು: ಹಣ ಕೀಳುವುದು ಕೆಲವೆಡೆ ನಿಜ, ಆದರೆ ಮಿತಿ ಇರಬೇಕಾದದ್ದೂ ನಿಜ. ಎರಡನ್ನೂ ಬೇರೆ ಬೇರೆ ನೋಡಬೇಕು.

ಮೊದಲು ವಾಡಿಕೆ ಹೇಳುತ್ತೇನೆ. ಡಬ್ಬಲ್ ರೂಮು ಎಂದರೆ ಇಬ್ಬರು ದೊಡ್ಡವರಿಗೆ. ತಾಯಿತಂದೆಯ ಹಾಸಿಗೆಯಲ್ಲೇ ಮಲಗುವ ಸಣ್ಣ ಮಗುವಿಗೆ ಸಾಮಾನ್ಯವಾಗಿ ಬಾಡಿಗೆ ಹಿಡಿಯುವುದಿಲ್ಲ. ಸಣ್ಣ ಮಗು ಎಂದರೆ ಎಷ್ಟು ವಯಸ್ಸು? ಒಂದು ಕಡೆ ಐದು, ಇನ್ನೊಂದು ಕಡೆ ಹನ್ನೆರಡು. ಮೂರನೆಯ ದೊಡ್ಡವರಿಗೆ ಹೆಚ್ಚಿನ ಹಾಸಿಗೆ, ಅದಕ್ಕೆ ಹೆಚ್ಚಿನ ದುಡ್ಡು. ಅದಕ್ಕೂ ಮೇಲೆ ಜನವಿದ್ದರೆ ಮೂರು ನಾಲ್ಕು ಮಂಚದ ಫ್ಯಾಮಿಲಿ ರೂಮು, ಇಲ್ಲವೇ ತಲೆಗೊಂದು ಮಂಚದಂತೆ ಡಾರ್ಮಿಟರಿ.

ಮೋಸ ನಡೆಯುವುದು ಇಲ್ಲಿಯೇ. ಹೆಚ್ಚಿನ ಹಾಸಿಗೆಯ ದುಡ್ಡು ತೆಗೆದುಕೊಂಡು ಒಂದು ಚಾದರವನ್ನೂ ಕೊಡದವರಿದ್ದಾರೆ. ಆದ್ದರಿಂದ ಹೊರಡುವ ಮೊದಲೇ ಫೋನಿನಲ್ಲಿ ಕೇಳಿರಿ: ಎಷ್ಟು ವಯಸ್ಸಿನ ತನಕ ಮಗುವಿಗೆ ಬಾಡಿಗೆ ಇಲ್ಲ? ಹೆಚ್ಚಿನ ದುಡ್ಡಿಗೆ ಹಾಸಿಗೆ, ದಿಂಬು, ಹೊದಿಕೆ, ಟವೆಲು ಎಲ್ಲ ಬರುತ್ತವೆಯೇ? ತೆರಿಗೆ ಸೇರಿದೆಯೇ? ರಶೀದಿಯಲ್ಲಿ ಎಷ್ಟು ಮಂದಿ ಎಂದು ಬರೆದುಕೊಡುತ್ತೀರಾ? ನಲವತ್ತು ಮಂದಿ ಬಸ್ಸು ಮಾಡಿ ಹೋಗುವಾಗ ಒಬ್ಬರು ಮುಂದಾಗಿ ಪಟ್ಟಿ ಮಾಡಿರಿ. ಯಾವ ಯಾವ ಮನೆಯವರು, ಮಕ್ಕಳೆಷ್ಟು, ಮೆಟ್ಟಿಲು ಹತ್ತಲಾರದ ಮುದುಕರೆಷ್ಟು, ಒಂಟಿ ಹೆಂಗಸರೆಷ್ಟು. ಪಟ್ಟಿ ಮೊದಲೇ ಹೋದರೆ ನಡುರಾತ್ರಿ ಗಲ್ಲಾದ ಮುಂದೆ ನಿಂತು ಜಗಳವಾಡುವ ಪ್ರಸಂಗ ಬರುವುದಿಲ್ಲ.

ಇನ್ನು ಮಿತಿ ಏಕೆ? ನಮ್ಮ ದೇಶಕ್ಕೆ ಒಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. 2016ರ ಆ ಸಂಹಿತೆಯಂತೆ ಮನುಷ್ಯರು ವಾಸಿಸುವ ಖೋಲಿ ಒಂದೇ ಇದ್ದರೆ ಅದು 9.5 ಚದರ ಮೀಟರಿಗೆ, ಅಂದರೆ ಸುಮಾರು ನೂರು ಚದರ ಅಡಿಗೆ, ಕಡಿಮೆ ಇರಬಾರದು. ಹೋಟೆಲಿನ ಮೆಟ್ಟಿಲು ಒಂದೂವರೆ ಮೀಟರು ಅಗಲ ಇರಬೇಕು. ವಾಸದ ಕಟ್ಟಡದಲ್ಲಿ ಒಟ್ಟು ನೆಲವನ್ನು ಲೆಕ್ಕ ಹಾಕಿ 12.5 ಚದರ ಮೀಟರಿಗೆ ಒಬ್ಬರಂತೆ ಜನವನ್ನು ಎಣಿಸಿ, ಅಷ್ಟು ಜನ ಹೊರಬರಲು ಸಾಲುವಷ್ಟು ದಾರಿ ಇಡಬೇಕು. ಸಂಹಿತೆ ತಾನಾಗಿಯೇ ಕಾಯಿದೆಯಲ್ಲ. ರಾಜ್ಯಗಳೂ ನಗರಪಾಲಿಕೆಗಳೂ ತಮ್ಮ ನಿಯಮದಲ್ಲಿ ಸೇರಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಆದರೆ ಅದರ ವಿಚಾರ ಸರಿಯಾದದ್ದು. ಮೆಟ್ಟಿಲು ಜನವನ್ನು ಎಣಿಸಿ ಕಟ್ಟಿದ್ದು. ಒಂದೊಂದು ಖೋಲಿಗೆ ಇಮ್ಮಡಿ ಜನ ತುಂಬಿದರೆ ಮೆಟ್ಟಿಲು ಇಮ್ಮಡಿಯಾಗುವುದಿಲ್ಲ.

ನೂರು ಅಡಿಯ ಖೋಲಿಯಲ್ಲಿ ಎರಡು ಮಂಚಗಳೇ ನಲವತ್ತು ಅಡಿ ನುಂಗುತ್ತವೆ. ಮೇಜು, ಕಪಾಟು, ನಿಮ್ಮ ಪೆಟ್ಟಿಗೆಗಳು ಬೇರೆ. ಉಳಿದ ನೆಲದಲ್ಲಿ ಮೂರು ಚಾಪೆ ಹಾಸಿದರೆ ಒಳಕ್ಕೆ ತೆರೆಯುವ ಬಾಗಿಲು ತೆರೆಯುವುದಿಲ್ಲ. ಹಗಲಿನಲ್ಲಿ ಇದು ನಗೆಯ ಮಾತು. ಹೊಗೆ ತುಂಬಿದ ಕತ್ತಲೆಯಲ್ಲಿ ನಗೆಯ ಮಾತಲ್ಲ.

2019ರ ಫೆಬ್ರವರಿ 12ರ ಬೆಳಗಿನ ಜಾವ ದೆಹಲಿಯ ಕರೋಲ್ ಬಾಗಿನ ಒಂದು ಹೋಟೆಲಿಗೆ ಬೆಂಕಿ ಬಿದ್ದು 17 ಮಂದಿ ಸತ್ತರು. ಮದುವೆಗೆಂದು ಕೇರಳದಿಂದ ಬಂದ ಒಂದು ದೊಡ್ಡ ಕುಟುಂಬವೂ ಅಲ್ಲಿ ಇಳಿದಿತ್ತು; ಅವರಲ್ಲಿಯೂ ಸಾವಾಯಿತು. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಲಾಡ್ಜಿನ ಕೆಳಗಿದ್ದ ವಿದ್ಯುತ್ ಸ್ಕೂಟರಿನ ಅಂಗಡಿಯಲ್ಲಿ ಬೆಂಕಿ ಎದ್ದು, ಹೊಗೆ ಮೇಲೇರಿ ಎಂಟು ಮಂದಿ ಸತ್ತರು. ಜನ ಹೆಚ್ಚಾದುದರಿಂದ ಆ ಬೆಂಕಿ ಬಿತ್ತೆಂದು ನಾನು ಹೇಳುತ್ತಿಲ್ಲ. ಬೆಂಕಿ ಯಾವ ಕಾರಣದಿಂದಲೂ ಬೀಳಬಹುದು. ಆದರೆ ಬಿದ್ದ ಮೇಲೆ ಎಷ್ಟು ಮಂದಿ ಒಳಗಿದ್ದಾರೆಂದು ಹೇಳುವುದು ಗಲ್ಲಾದ ರಿಜಿಸ್ಟರು ಒಂದೇ. ಬಾಡಿಗೆ ಉಳಿಸಲೆಂದು ನಾವು ಹಿಂಬಾಗಿಲಿನಿಂದ ಕರೆತಂದ ತಮ್ಮನ ಹೆಸರು ಅದರಲ್ಲಿ ಇರುವುದಿಲ್ಲ. ಇಲ್ಲದ ಹೆಸರನ್ನು ಯಾರು ಹುಡುಕುತ್ತಾರೆ?

ಈಗ ಬಾಗಿಲಿನ ಆಚೆ ನಿಂತ ನಮ್ಮ ಹುಡುಗನ ಮಾತು. ನಾನು ದುಡಿದ ಒಂದು ಲಾಡ್ಜಿನಲ್ಲಿ ಜಾತ್ರೆಯ ದಿನಗಳಲ್ಲಿ ನಾಲ್ವರ ಖೋಲಿಗೆ ಒಂಬತ್ತು ಮಂದಿಯನ್ನು ಬಿಡುತ್ತಿದ್ದರು. ಹೆಚ್ಚಿನ ದುಡ್ಡಿಗೆ ರಶೀದಿ ಇರಲಿಲ್ಲ. ಒಂಬತ್ತು ಮಂದಿಯ ಬಿಸಿನೀರು, ಚಹಾ, ಕಸ, ಒದ್ದೆ ಚಾದರ ಎಲ್ಲವೂ ರೂಮ್ ಬಾಯ್ ತಲೆಯ ಮೇಲೆ. ಅವನ ಕೆಲಸದ ಲೆಕ್ಕ ಮಾತ್ರ "ಹತ್ತು ಖೋಲಿ" ಎಂದೇ. ಎಷ್ಟು ತಲೆ ಎಂಬ ಲೆಕ್ಕ ಇಲ್ಲ. ಮೋರಿ ಕಟ್ಟಿದರೆ ಅವನ ಪಗಾರದಲ್ಲಿ ಕಡಿತ. ಪೊಲೀಸರು ಬಂದರೆ "ಹುಡುಗ ನಮಗೆ ತಿಳಿಸದೆ ಬಿಟ್ಟ" ಎಂಬ ಮಾತು. ಲಾಭ ಧನಿಗಳಿಗೆ, ದಂಡ ನಮಗೆ! ಅತಿಥಿಗಳಾಗಿ ಹೋಗುವ ನಾವೂ ಐವತ್ತು ರೂಪಾಯಿ ಕೈಗಿಟ್ಟು "ಇಬ್ಬರನ್ನು ಬಿಡಪ್ಪ" ಎನ್ನುವಾಗ ಯಾರ ಅನ್ನಕ್ಕೆ ಕೈಹಾಕುತ್ತಿದ್ದೇವೆಂದು ಯೋಚಿಸಬೇಕು.

ಕೊನೆಯದಾಗಿ, "ಚಾಳಿನಲ್ಲಿ ಏಳೆಂಟು ಮಂದಿ ಮಲಗುತ್ತೇವಲ್ಲ" ಎಂಬ ಮಾತು. 1931ರ ಕಾಮಗಾರರ ರಾಯಲ್ ಕಮಿಷನ್ನಿನ ವರದಿಯಲ್ಲಿ, ಮುಂಬಯಿಯಲ್ಲಿ ವಿಚಾರಣೆ ಮಾಡಿದ ಕಾಮಗಾರ ಕುಟುಂಬಗಳಲ್ಲಿ ನೂರಕ್ಕೆ 97 ಒಂದೇ ಖೋಲಿಯಲ್ಲಿದ್ದವೆಂದು ಬರೆದಿದೆ. ಆಮೇಲೆ ಕಟ್ಟಿದ್ದೂ ಕಂಡಿದ್ದೂ ನಿಮಗೆ ಗೊತ್ತು. ನಮ್ಮ ಹಿರಿಯರು ಪಾಳಿಯ ಮೇಲೆ ಮಲಗಿದರು. ಒಬ್ಬ ಎದ್ದು ಗಿರಣಿಗೆ ಹೋದ ಜಾಗದಲ್ಲಿ ಇನ್ನೊಬ್ಬ ಒರಗಿದ. ಅದು ಅವರ ತಾಳ್ಮೆ. ತಾಳ್ಮೆಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ. ಕಷ್ಟ ಸಹಿಸಿ ಅಭ್ಯಾಸವಾದ ಮಾತ್ರಕ್ಕೆ ಅದೇ ನ್ಯಾಯವಾಗುವುದಿಲ್ಲ.

ಅತಿಥಿಗೆ ಮಿತಿ ಹೇಳುವ ಧನಿಗಳನ್ನು ನಾನು ಕೇಳುತ್ತೇನೆ: ನಿಮ್ಮ ಆಳುಗಳು ಮಲಗುವ ಖೋಲಿಗೆ ಮಿತಿ ಎಷ್ಟು? 2018ರ ಜನವರಿ 8ರಂದು ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರಿನಲ್ಲಿ ರಾತ್ರಿ ಅಲ್ಲಿಯೇ ಮಲಗಿದ್ದ ಐವರು ಕೆಲಸಗಾರರು ಬೆಂಕಿಗೆ ಬಲಿಯಾದರು. ಅವರು ಯಾವ ರಿಜಿಸ್ಟರಿನ ಅತಿಥಿಗಳೂ ಅಲ್ಲ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1961ರಲ್ಲಿಯೇ ಕಾರ್ಮಿಕರ ವಸತಿಯ ಶಿಫಾರಸಿನಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಪ್ರತ್ಯೇಕ ಹಾಸಿಗೆ ಬೇಕೆಂದು ಹೇಳಿದೆ. ಇಂದಿಗೂ ನಮ್ಮಲ್ಲಿ ಎಷ್ಟೋ ಹುಡುಗರ ಹಾಸಿಗೆ ಊಟದ ಮೇಜು, ಭಟ್ಟಿಯ ಬದಿ, ಹೊರಗಿನಿಂದ ಶಟರ್ ಎಳೆದ ಅಡಿಗೆಮನೆ.

ಆದುದರಿಂದ ಸಭೆಯ ಮುಂದೆ ಮೂರು ಮಾತು ಇಡುತ್ತೇನೆ.

ಒಂದು: ನಮ್ಮ ಸದಸ್ಯರು ಯಾತ್ರೆಗೆ ಹೋದಾಗ ಎಲ್ಲರ ಹೆಸರನ್ನೂ ಬರೆಸಬೇಕು, ಯಾರನ್ನೂ ಅಡಗಿಸಬಾರದು, ಕೊಟ್ಟ ದುಡ್ಡಿಗೆ ರಶೀದಿ ಬಿಡಬಾರದು.

ಎರಡು: ಖೋಲಿಯ ಮಿತಿಯನ್ನು ಬಾಗಿಲ ಮೇಲೆ ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಯಬೇಕು, ಮಿತಿ ಮೀರಿದರೆ ಜವಾಬ್ದಾರಿ ಮ್ಯಾನೇಜರದು, ರೂಮ್ ಬಾಯ್‌ದಲ್ಲ. ಹೆಚ್ಚಿನ ಹಾಸಿಗೆಗೆ ಅವನಿಗೆ ಹೆಚ್ಚಿನ ಭತ್ಯೆ ಸಿಗಬೇಕು.

ಮೂರು: ಅತಿಥಿಯ ಖೋಲಿಗೆ ಇರುವ ಅಳತೆಯೇ ಆಳಿನ ಖೋಲಿಗೂ ಬೇಕು. ಒಳಗೆ ಮಲಗುವವರಿರುವ ಕಡೆ ಹೊರಗಿನಿಂದ ಬೀಗ ಹಾಕಬಾರದು. ಇದನ್ನು ಇಂದು ರಾತ್ರಿಯಿಂದಲೇ ಕೇಳಬೇಕು. ಇದಕ್ಕೆ ಯಾವ ಕಾಯಿದೆಗೂ ಕಾಯಬೇಕಾಗಿಲ್ಲ.

ತಲೆ ಎಣಿಸುವುದು ಬಾಡಿಗೆಗಾಗಿ ಮಾತ್ರವಲ್ಲ, ಜೀವಕ್ಕಾಗಿ ಎಂದು ಧನಿಗಳೂ ಅತಿಥಿಗಳೂ ನಾವೂ ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಉಳಿದರ್ಧಕ್ಕೆ ಸಂಘವಿದೆ.